ಪೀಚ್ ಮರ ಎಲ್ಲಿದೆ ಎಂದು ಕೇಳಿದ ಹುಡುಗ

ಚೆಸ್ ಪುಸ್ತಕಗಳಲ್ಲಿ ಮತ್ತೆ ಮತ್ತೆ ಅಚ್ಚಾಗುವ ಒಂದು ಫೋಟೊ ಇದೆ. 1920ರಲ್ಲಿ ಫ್ರಾನ್ಸಿನಲ್ಲಿ ತೆಗೆದದ್ದು. ಸಾಲಾಗಿ ಹಾಕಿದ ಮೇಜುಗಳ ಹಿಂದೆ ಗಡ್ಡ ಮೀಸೆಯ ಹಿರಿಯರು ಕೂತು ಯೋಚಿಸುತ್ತಿದ್ದಾರೆ. ಎದುರಿಗೆ ಮೇಜಿಗಿಂತ ತುಸುವೇ ಎತ್ತರದ ಹುಡುಗನೊಬ್ಬ ನಿಂತಿದ್ದಾನೆ. ಅಷ್ಟೂ ಜನರ ವಿರುದ್ಧ ಏಕಕಾಲಕ್ಕೆ ಆಡುತ್ತಿರುವವನು ಅವನೊಬ್ಬನೇ. ಹೆಸರು ಸ್ಯಾಮುಯೆಲ್ ರೆಶೆವ್‌ಸ್ಕಿ, ವಯಸ್ಸು ಎಂಟು. ನೋಡಿದವರೆಲ್ಲ ಹುಡುಗನ ಬುದ್ಧಿಗೆ ಬೆರಗಾಗುತ್ತಾರೆ. ನನಗೆ ಮಾತ್ರ ಆ ಚಿತ್ರ ನೋಡಿದಾಗಲೆಲ್ಲ, ಅವತ್ತು ಅವನು ಎಷ್ಟು ಹೊತ್ತಿನಿಂದ ನಿಂತಿದ್ದನೋ ಎನಿಸಿ ಸಂಕಟವಾಗುತ್ತದೆ.

ಪೋಲೆಂಡಿನ ಲೋಡ್ಜ್ ನಗರದ ಹತ್ತಿರ ಓಜೊರ್ಕುವ್ ಎಂಬ ಊರಿದೆ. ಅಲ್ಲಿನ ಸಂಪ್ರದಾಯಸ್ಥ ಯಹೂದಿ ಮನೆಯ ಆರನೇ ಮಗು ಈ ಹುಡುಗ. ನಾಲ್ಕನೇ ವಯಸ್ಸಿಗೆ ಆಟ ಕಲಿತ. ಹುಟ್ಟಿದ್ದು 1911ರಲ್ಲಿ ಎಂದು ದಾಖಲೆಯಿದ್ದರೂ, ಎರಡು ವರ್ಷ ಮೊದಲೇ ಹುಟ್ಟಿರಬೇಕು ಎನ್ನುವ ಸಂಶೋಧಕರಿದ್ದಾರೆ. ಅದೇನೇ ಇರಲಿ, ತಂದೆತಾಯಿ ಮಗನನ್ನು ಕರೆದುಕೊಂಡು ಯುರೋಪಿನ ಊರೂರು ತಿರುಗಿದರು. ಅವನ ಆಟದ ಪ್ರದರ್ಶನವೇ ಮನೆಯವರ ಜೀವನೋಪಾಯವಾಯಿತು. ಬರ್ಲಿನ್‌ನಲ್ಲಿ ಫ್ರಾಂಜಿಸ್ಕಾ ಬೌಮ್‌ಗಾರ್ಟನ್ ಎಂಬ ಮನಶ್ಶಾಸ್ತ್ರಜ್ಞೆ ಅವನನ್ನು ಪರೀಕ್ಷಿಸಿದರು. ಆಕೃತಿ, ಅಂಕಿಗಳನ್ನು ನೆನಪಿಡುವುದರಲ್ಲಿ ದೊಡ್ಡವರನ್ನೂ ಮೀರಿಸಿದ ಬಾಲಕ, ಮಾತು ಮತ್ತು ಸಾಮಾನ್ಯ ತಿಳಿವಳಿಕೆಯ ಪ್ರಶ್ನೆಗಳಿಗೆ ಬಂದಾಗ ತನ್ನ ವಾರಿಗೆಯ ಮಕ್ಕಳಿಗಿಂತ ಹಿಂದೆ ಬಿದ್ದ. ಬೀಳದೆ ಏನು ಮಾಡುತ್ತಾನೆ? ಶಾಲೆಯ ಮೆಟ್ಟಿಲು ಹತ್ತಿದವನಲ್ಲ.

1920ರ ಕೊನೆಗೆ ಕುಟುಂಬ ಅಮೆರಿಕಕ್ಕೆ ಬಂದಿಳಿಯಿತು. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಇಪ್ಪತ್ತು ಮಂದಿಯ ಎದುರು ನಿಂತ ಹುಡುಗ ಹತ್ತೊಂಬತ್ತು ಆಟ ಗೆದ್ದು ಒಂದನ್ನು ಡ್ರಾ ಮಾಡಿಕೊಂಡ. ಮುಂದಿನ ಎರಡು ವರ್ಷ ಊರಿಂದೂರಿಗೆ ಪಯಣ. ಎಲ್ಲಿ ಹೋದರೂ ಪತ್ರಿಕೆಯವರು, ಕ್ಯಾಮೆರಾದವರು, ಕೆನ್ನೆ ಹಿಂಡುವವರು.

ಲಾಸ್ ಏಂಜಲೀಸ್‌ನಲ್ಲಿ ಅವನನ್ನು ಚಾರ್ಲಿ ಚಾಪ್ಲಿನ್ ಸ್ಟುಡಿಯೊಗೂ ಕರೆದೊಯ್ದರು. ಆ ಭೇಟಿಯನ್ನು ಚಾಪ್ಲಿನ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಬಿಳಿಚಿದ ಸಣ್ಣ ಮುಖ, ದೊಡ್ಡ ಕಣ್ಣು. ಹುಡುಗ ಯಾರ ಕೈಯನ್ನೂ ಸುಲಭವಾಗಿ ಕುಲುಕುವುದಿಲ್ಲ, ಸಿಡುಕ ಎಂದು ಮೊದಲೇ ಎಚ್ಚರಿಸಿದ್ದರಂತೆ. ಅವನು ಸುಮ್ಮನೆ ದಿಟ್ಟಿಸುತ್ತ ನಿಂತ. ಚಾಪ್ಲಿನ್ ತಮ್ಮ ಪಾಡಿಗೆ ಫಿಲ್ಮ್ ಕತ್ತರಿಸುತ್ತಾ ಇದ್ದವರು ತಿರುಗಿ, ಪೀಚ್ ಹಣ್ಣು ಇಷ್ಟವಾ ಎಂದು ಕೇಳಿದರು. ಹೂಂ ಎಂದ. ತೋಟದಲ್ಲಿ ಮರದ ತುಂಬ ಹಣ್ಣಿದೆ, ಹತ್ತಿ ಕಿತ್ತುಕೋ, ನನಗೂ ಒಂದು ತಾ ಎಂದಾಗ ಹುಡುಗನ ಮುಖ ಅರಳಿತು. ಮರ ಎಲ್ಲಿದೆ ಎಂದು ಕೇಳಿ ಓಡಿದವನು, ಕಾಲು ಗಂಟೆಯ ಮೇಲೆ ಹಣ್ಣು ಹಿಡಿದು ಹಿಗ್ಗುತ್ತ ಬಂದ. ಆಮೇಲೆ ಅವನೇ ಚಾಪ್ಲಿನ್‌ಗೆ ಚೆಸ್ ಕಲಿಸಿಕೊಡುವುದಾಗಿ ಹೇಳಿದ!

ಅದೇ ಹುಡುಗನ ಪ್ರದರ್ಶನವನ್ನು ನೋಡಲು ಹೋದ ಚಾಪ್ಲಿನ್‌ಗೆ ಅಲ್ಲಿ ಕಂಡದ್ದು ಬೇರೆ. ಮಗುವಿನ ಮುಖ ಒಮ್ಮೆ ಕೆಂಪೇರುತ್ತಿತ್ತು, ಮರುಕ್ಷಣ ರಕ್ತವಿಲ್ಲದಂತೆ ಬಿಳಿಚಿಕೊಳ್ಳುತ್ತಿತ್ತು. ಇದಕ್ಕೆಲ್ಲ ತನ್ನ ಆರೋಗ್ಯವನ್ನೇ ಅದು ತೆರುತ್ತಿದೆ ಎಂದು ಅವರಿಗೆ ಅನಿಸಿತು. ಲಂಡನ್ನಿನ ಬಡತನದಲ್ಲಿ, ಎಳವೆಯಲ್ಲೇ ವೇದಿಕೆ ಹತ್ತಿ ದುಡಿದ ಮನುಷ್ಯ ಚಾಪ್ಲಿನ್. ಚಪ್ಪಾಳೆಯ ಹಿಂದಿನ ದಣಿವು ಅವರ ಕಣ್ಣಿಗೆ ಬೇಗ ಬಿದ್ದಿರಬೇಕು.

ಕೊನೆಗೆ ಕಾನೂನಿನ ಕಣ್ಣಿಗೂ ಬಿತ್ತು. ಮಗನನ್ನು ಶಾಲೆಗೆ ಕಳಿಸದ, ಸರಿಯಾಗಿ ಪೋಷಿಸದ ಆರೋಪದ ಮೇಲೆ ತಂದೆತಾಯಿ ಮ್ಯಾನ್‌ಹಟನ್‌ನ ನ್ಯಾಯಾಲಯದಲ್ಲಿ ನಿಲ್ಲಬೇಕಾಯಿತು. ಆ ಹೊತ್ತಿಗೆ ನೆರವಿಗೆ ಬಂದವರು ಷಿಕಾಗೊದ ಸಿಯರ್ಸ್ ರೋಬಕ್ ಕಂಪನಿಯ ಜೂಲಿಯಸ್ ರೋಸನ್‌ವಾಲ್ಡ್. ಹುಡುಗನ ಭವಿಷ್ಯದ ಹೊಣೆ ತಾವು ಹೊರುವುದಾಗಿ ಹೇಳಿ ಒಂದೇ ಷರತ್ತು ಹಾಕಿದರು: ಅವನು ಓದು ಮುಗಿಸಬೇಕು.

ಈ ತಂದೆತಾಯಿಯನ್ನು ಖಳರೆಂದು ಬರೆದು ಮುಗಿಸುವುದು ಸುಲಭ. ಮಹಾಯುದ್ಧ ತುಳಿದು ಹೋದ ನಾಡಿನಿಂದ ಮಕ್ಕಳನ್ನು ಕಟ್ಟಿಕೊಂಡು ಹೊರಟವರು ಅವರು. ಕೈಯಲ್ಲಿದ್ದ ಬಂಡವಾಳ ಮಗನ ತಲೆ. ದೊಡ್ಡವನಾದ ಮೇಲೆ ರೆಶೆವ್‌ಸ್ಕಿ ಕೂಡ ಅವರನ್ನು ದೂರಲಿಲ್ಲ. ಪ್ರೊಫೆಸರುಗಳು ತನ್ನ ತಲೆಬುರುಡೆ ಅಳೆದದ್ದು, ಅಪರಿಚಿತರು ಮುಟ್ಟಿ ತಡವಿದ್ದು, ಮಗುವಿಗೆ ಸಹಜವಲ್ಲದ ಆ ಬದುಕು, ಇದೆಲ್ಲವನ್ನೂ ಬರೆದು, ಅದನ್ನು ತಾನು ಇಷ್ಟಪಡಲಿಲ್ಲವೆಂದರೆ ಸುಳ್ಳಾಗುತ್ತದೆ ಎಂದೂ ಸೇರಿಸಿದರು. ನನ್ನನ್ನು ಹೆಚ್ಚು ಕಾಡುವುದು ಈ ಕೊನೆಯ ಮಾತೇ. ಮಗು ಖುಷಿಯಾಗಿದೆ ಎಂಬ ಒಂದೇ ಕಾರಣಕ್ಕೆ ಅದರ ಮೇಲೆ ಹೊರಿಸಿದ ಭಾರ ಹಗುರಾಗುವುದಿಲ್ಲ. ಮನೆಯ ಅನ್ನ ತನ್ನ ಆಟದಿಂದ ಬರುತ್ತಿದೆ ಎಂದು ಗೊತ್ತಿರುವ ಮಗು, ಇವತ್ತು ಆಡುವುದಿಲ್ಲ ಎಂದು ಹೇಗೆ ಹೇಳೀತು?

1924ರಿಂದ 1931ರವರೆಗೆ, ಏಳು ವರ್ಷ, ರೆಶೆವ್‌ಸ್ಕಿ ಹೆಚ್ಚುಕಡಿಮೆ ಟೂರ್ನಿಗಳಿಂದ ದೂರ ಉಳಿದರು. ಶಾಲೆ ಮುಗಿಸಿ, 1934ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಿಂದ ಅಕೌಂಟಿಂಗ್ ಪದವಿ ಪಡೆದರು. ಮರು ವರ್ಷವೇ ಇಂಗ್ಲೆಂಡಿನ ಮಾರ್ಗೇಟ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನು ಹಿಂದಿಕ್ಕಿ ಮೊದಲಿಗರಾದರು. 1936ರಲ್ಲಿ ಅಮೆರಿಕದ ಚಾಂಪಿಯನ್. 1948ರಲ್ಲಿ ವಿಶ್ವ ಪಟ್ಟಕ್ಕಾಗಿ ಐವರು ಸೆಣಸಿದಾಗ ಅವರಲ್ಲೊಬ್ಬರಾಗಿದ್ದು ಕೆರೆಸ್ ಜತೆ ಮೂರನೇ ಸ್ಥಾನ ಹಂಚಿಕೊಂಡರು. ಜಗತ್ತಿನ ಅತಿ ಬಲಿಷ್ಠ ಆಟಗಾರರ ನಡುವೆ ಕೂತು ಆಡುತ್ತಿದ್ದ ಈ ಮನುಷ್ಯನ ಕಸುಬು ಲೆಕ್ಕಪತ್ರ ನೋಡುವುದು! ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಸೂರ್ಯಾಸ್ತದವರೆಗೆ ಚೆಸ್ ಕಾಯಿ ಮುಟ್ಟುತ್ತಿರಲಿಲ್ಲ. ಎಂಥ ಟೂರ್ನಿಯಾದರೂ ಯಹೂದಿಗಳ ವಿಶ್ರಾಂತಿ ದಿನವಾದ ಈ ಸಬ್ಬತ್ತಿಗೆ ಹೊಂದಿಕೊಳ್ಳಬೇಕಿತ್ತು. ಹುಟ್ಟಿದ ಮನೆಯಿಂದ ಬಂದ ಈ ಶ್ರದ್ಧೆಯನ್ನು ಅವರು ಕೊನೆತನಕ ಬಿಡಲಿಲ್ಲ.

ಬಾಲ್ಯದ ಇನ್ನೊಂದು ಗುರುತೂ ಉಳಿದಿತ್ತು. ಆರಂಭದ ನಡೆಗಳನ್ನು ಪುಸ್ತಕ ಹಿಡಿದು ಅಭ್ಯಾಸ ಮಾಡುವ ರೂಢಿ ಅವರಿಗೆ ಹತ್ತಲೇ ಇಲ್ಲ. ಬೇರೆಯವರು ಬಾಯಿಪಾಠದಿಂದ ಆಡಿ ಮುಗಿಸುವ ಹತ್ತು ಹನ್ನೆರಡು ನಡೆಗಳನ್ನು ಇವರು ಕೂತು ಯೋಚಿಸಿ ಯೋಚಿಸಿ ಹುಡುಕುತ್ತಿದ್ದರು. ಅಷ್ಟರಲ್ಲಿ ಗಡಿಯಾರ ಓಡಿಹೋಗಿರುತ್ತಿತ್ತು. ಉಳಿದ ನಾಲ್ಕಾರು ನಿಮಿಷದಲ್ಲಿ ಪಟಪಟನೆ ಕಾಯಿ ನಡೆಸಿ, ಎಷ್ಟೋ ಸಲ ಗೆದ್ದುಬಿಡುತ್ತಿದ್ದರು.

ಒತ್ತಡ ಹಾಕಿದ ಮನೆಗಳೆಲ್ಲ ಒಂದೇ ಬಗೆಯವಲ್ಲ ಎಂಬುದನ್ನೂ ಹೇಳಬೇಕು. ಬುಡಾಪೆಸ್ಟಿನ ಲಾಸ್ಲೊ ಪೋಲ್ಗಾರ್ ಮೂವರು ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಚೆಸ್ ಕಲಿಸಿ ಬೆಳೆಸಿದರು. ಕಿರಿಯವಳು ಜೂಡಿತ್ 1991ರಲ್ಲಿ, 15ನೇ ವಯಸ್ಸಿಗೆ, ಗ್ರ್ಯಾಂಡ್‌ಮಾಸ್ಟರ್ ಆದಳು. ಚೆನ್ನೈನ ಗುಕೇಶ್‌ಗಾಗಿ ಇಎನ್‌ಟಿ ಸರ್ಜನ್ ಆಗಿದ್ದ ತಂದೆ ವೃತ್ತಿ ಬದಿಗಿಟ್ಟು ದೇಶ ದೇಶ ಸುತ್ತಿದರು, ತಾಯಿಯ ಸಂಬಳದಲ್ಲಿ ಮನೆ ನಡೆಯಿತು. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಡಿಂಗ್ ಲಿರೆನ್ ಅವರನ್ನು ಸೋಲಿಸಿದಾಗ ಗುಕೇಶ್‌ಗೆ 18 ವರ್ಷ. ಇಲ್ಲಿ ಹಣ ಹರಿದದ್ದು ಮನೆಯಿಂದ ಮಗುವಿನತ್ತ. ರೆಶೆವ್‌ಸ್ಕಿ ಮನೆಗೆ ತದ್ವಿರುದ್ಧ. ಆದರೂ ಅಪ್ಪನೊಬ್ಬ ನೌಕರಿ ಬಿಟ್ಟು ಹಾಲ್‌ನ ಹೊರಗೆ ಕಾಯುತ್ತಿದ್ದಾನೆ ಎಂಬುದು ಒಳಗೆ ಕೂತ ಮಗುವಿಗೆ ಗೊತ್ತಿರುತ್ತದೆ. ಯಾರೂ ಬಾಯಿಬಿಟ್ಟು ಹೇಳದ ಸಾಲ ಅದು. ಗೆದ್ದವರ ಮನೆಯ ಕಥೆ ಪತ್ರಿಕೆಯಲ್ಲಿ ಬರುತ್ತದೆ. ಅಷ್ಟೇ ತ್ಯಾಗ ಮಾಡಿಯೂ ಮಗು ಅರ್ಧಕ್ಕೆ ನಿಂತ ಮನೆಗಳ ಕಥೆಯನ್ನು ನಾವು ಬರೆಯುವುದಿಲ್ಲ.

ಈಗಂತೂ ವಯಸ್ಸೇ ದೊಡ್ಡ ಸುದ್ದಿ. 2021ರಲ್ಲಿ ಅಮೆರಿಕದ ಅಭಿಮನ್ಯು ಮಿಶ್ರಾ 12 ವರ್ಷ 4 ತಿಂಗಳಿಗೆ ಗ್ರ್ಯಾಂಡ್‌ಮಾಸ್ಟರ್ ಆದಾಗ ಹಳೆಯ ದಾಖಲೆ ಮುರಿದ ಅಂತರವನ್ನು ದಿನಗಳಲ್ಲಿ ಎಣಿಸಿದರು. 2024ರಲ್ಲಿ ಕೋಲ್ಕತ್ತದ ಮಗುವೊಂದು ನಾಲ್ಕು ತುಂಬುವ ಮೊದಲೇ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ರೇಟಿಂಗ್ ಪಡೆಯಿತು. ಈ ಎಣಿಕೆ ನಮ್ಮ ಮನೆಗಳಿಗೂ ಹೊಕ್ಕಿದೆ. ಒಂದು ವರ್ಷ ಬಿಡುವು ಕೊಟ್ಟರೆ ಮಗು ಹಿಂದೆ ಬಿದ್ದೀತು ಎಂದು ಹೆದರುವ ಅಪ್ಪ ಅಮ್ಮಂದಿರಿಗೆ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು 2017ರಲ್ಲಿ, ವಯಸ್ಸು ಮೂವತ್ತೈದು ದಾಟಿದ ಮೇಲೆ ಎಂದು ನೆನಪಿಸಬೇಕೆನಿಸುತ್ತದೆ. ರೆಶೆವ್‌ಸ್ಕಿಯಂತೂ ಏಳು ವರ್ಷ ಹೆಚ್ಚುಕಡಿಮೆ ಹೊರಗೇ ಇದ್ದರು, ಅದೂ ಹನ್ನೆರಡರಿಂದ ಹತ್ತೊಂಬತ್ತರ ನಡುವೆ, ಬೇರೆಯವರು ಒಂದು ದಿನವನ್ನೂ ಕಳೆದುಕೊಳ್ಳಲು ಒಪ್ಪದ ವಯಸ್ಸಿನಲ್ಲಿ. ಅವರು 1981ರ ಅಮೆರಿಕ ಚಾಂಪಿಯನ್‌ಷಿಪ್‌ನಲ್ಲಿ ಮೊಮ್ಮಕ್ಕಳ ವಯಸ್ಸಿನವರ ಎದುರು ಕೂತು ಮೂರನೇ ಸ್ಥಾನ ಹಂಚಿಕೊಂಡರು. ಆಗ ಅವರಿಗೆ ಎಪ್ಪತ್ತರ ಹತ್ತಿರ.