ಸೆರಗಿನ ಚೀಟಿ

ಅಂಗಡಿಯಿಂದ ಹೊಸ ಬಟ್ಟೆಯನ್ನು ತಂದೊಡನೆ ನಾವು ಮೊದಲು ಮಾಡುವ ಕೆಲಸವೆಂದರೆ, ಅದಕ್ಕೆ ದಾರದಲ್ಲಿ ತೂಗಬಿಟ್ಟಿರುವ ಚೀಟಿಯನ್ನು ಕಿತ್ತು ಎಸೆಯುವುದು. ಇಷ್ಟು ಅಲ್ಪಾಯುವಾದ ವಸ್ತುವನ್ನು ಕುರಿತು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಲೇಖನವೊಂದು ಬೇಕೇ ಎಂದು ನನ್ನ ಸಹಪಾಠಿಗಳು ನಗಬಹುದು. ಆದರೆ ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಈ ಎರಡು ಅಂಗುಲದ ಕಾಗದ ನಗೆಯ ವಿಷಯವಲ್ಲ. ಮಾಡಿದವನು ಒಂದು ಊರಿನಲ್ಲಿ, ಕೊಳ್ಳುವವನು ಇನ್ನೊಂದು ಊರಿನಲ್ಲಿ ಇರುವ ಈ ಕಾಲದಲ್ಲಿ, ಇವರಿಬ್ಬರ ನಡುವೆ ನಡೆಯುವ ಮಾತುಕತೆಯೆಲ್ಲ ಆ ಚೀಟಿಯಲ್ಲೇ ಮುಗಿಯಬೇಕು. ಆದುದರಿಂದ ಅದರಲ್ಲಿ ಏನು ಬರೆಯಬೇಕು, ಅದನ್ನು ಹೇಗೆ ಮಾಡಿಸಬೇಕು ಎಂಬೆರಡು ವಿಷಯಗಳನ್ನು ನಾನು ತಿಳಿದಮಟ್ಟಿಗೆ ಇಲ್ಲಿ ವಿವರಿಸುತ್ತೇನೆ.

ಬಟ್ಟೆಗೆ ಚೀಟಿ ಹಚ್ಚುವ ಪದ್ಧತಿ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಂಚೆಸ್ಟರಿನಿಂದ ಹಡಗೇರಿ ನಮ್ಮ ದೇಶಕ್ಕೆ ಬರುತ್ತಿದ್ದ ಬಟ್ಟೆಯ ಥಾನುಗಳ ಮೇಲೆ ಬಣ್ಣದ ‘ಟಿಕೆಟ್ಟು’ಗಳನ್ನು ಅಂಟಿಸುತ್ತಿದ್ದರು. ದೇವದೇವತೆಗಳು, ಆನೆ, ಹುಲಿ, ರಾಜರಾಣಿಯರು ಅವುಗಳಲ್ಲಿ ರಾರಾಜಿಸುತ್ತಿದ್ದರು. ಓದು ಬಾರದ ಗಿರಾಕಿಯೂ ಚಿತ್ರ ನೋಡಿ ತನಗೆ ಬೇಕಾದ ಬಟ್ಟೆಯನ್ನು ಕೇಳಿ ಪಡೆಯಬಹುದಾಗಿತ್ತು. ಮುಂದೆ ಮುಂಬಯಿ, ಅಹಮದಾಬಾದುಗಳ ಗಿರಣಿಗಳೂ ಇದೇ ದಾರಿಯನ್ನು ಹಿಡಿದವು. ಚಿತ್ರ ಚೆಂದವಾಗಿದ್ದ ಮಾತ್ರಕ್ಕೆ ಅಳತೆ ಸರಿಯಾಗಿರಬೇಕೆಂದೇನೂ ಇಲ್ಲವಷ್ಟೆ. ಅದಕ್ಕಾಗಿಯೇ 1889ರಲ್ಲಿ ಬಂದ ಸರಕು ಗುರುತುಗಳ ಕಾಯಿದೆ, ಥಾನಿನ ಉದ್ದವನ್ನು ಗಜಗಳಲ್ಲಿ ಅದರ ಮೇಲೆಯೇ ಮುದ್ರೆಯೊತ್ತಬೇಕೆಂದು ವಿಧಿಸಿತು. ಕಣ್ಣನ್ನು ಸೆಳೆಯುವುದು, ಲೆಕ್ಕ ಒಪ್ಪಿಸುವುದು ಎಂಬ ಚೀಟಿಯ ಈ ಎರಡು ಕೆಲಸಗಳು ಅಂದಿನಿಂದ ಇಂದಿನವರೆಗೆ ಹಾಗೆಯೇ ಉಳಿದಿವೆ.

ನಮ್ಮ ಮನೆಯಲ್ಲಿ ಎರಡು ಕುಣಿಮಗ್ಗಗಳಿವೆ. ನೇಯುವುದು ಇಳಕಲ್ ಸೀರೆ. ಬಹುಕಾಲ ನಾವು ಸಾಹುಕಾರರಿಗೆ ನೇಯ್ದು ಕೊಡುತ್ತಿದ್ದೆವು. ನೂಲು ಅವರದು, ಕೂಲಿ ನಮ್ಮದು. ಸೀರೆಯ ಮೇಲೆ ಬೀಳುವ ಹೆಸರು ಮಾರುವ ಅಂಗಡಿಯದು. ಈಚೆಗೆ ಕೆಲವು ಸೀರೆಗಳನ್ನು ನಾವೇ ನೇರವಾಗಿ ಮಾರಲು ತೊಡಗಿದಾಗ ಚೀಟಿಯ ಪ್ರಶ್ನೆ ಎದ್ದಿತು. ಮನೆಯಲ್ಲಿ ಕಾಲೇಜು ಓದುವವನು ನಾನೊಬ್ಬನೇ ಆದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂದಿತು.

ಚೀಟಿ ಅಷ್ಟೊಂದು ಅವಶ್ಯಕವೇ ಎಂದರೆ, ಅಂಗಡಿಯ ಅಟ್ಟಣೆಯನ್ನೊಮ್ಮೆ ನೋಡಬೇಕು. ಹಲವು ದಿನ ಕುಣಿಯಲ್ಲಿ ಕಾಲಿಟ್ಟು ಕುಳಿತು ನೇಯ್ದ ಸೀರೆಯೂ, ವಿದ್ಯುತ್ ಮಗ್ಗದಲ್ಲಿ ಅಲ್ಪಕಾಲದಲ್ಲಿ ನೇಯ್ದ ಅದೇ ಬಣ್ಣದ ಸೀರೆಯೂ ಅಲ್ಲಿ ಒಂದರ ಮೇಲೊಂದು ಮಲಗಿರುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ನಮಗೆ ಗೊತ್ತು. ಗಿರಾಕಿಗೆ ಹೇಗೆ ಗೊತ್ತಾಗಬೇಕು? ಕೆಲವು ಬಗೆಯ ಸೀರೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ ಕಾಯಿದೆ 1985ರಲ್ಲೇ ಬಂದಿದೆ. ಆದರೆ ಕಾಯಿದೆ ಅಟ್ಟಣೆಯ ಪಕ್ಕದಲ್ಲಿ ನಿಂತು ಮಾತಾಡುವುದಿಲ್ಲ, ಮಾತಾಡಬೇಕಾದದ್ದು ಚೀಟಿ. ಅದು ಮೂಕವಾದರೆ ಗಿರಾಕಿ ಬೆಲೆಯೊಂದನ್ನೇ ನೋಡುತ್ತಾನೆ. ಬೆಲೆಯ ಪಂದ್ಯದಲ್ಲಿ ಕೈ ಯಂತ್ರವನ್ನು ಎಂದೂ ಗೆಲ್ಲಲಾರದು.

ಹಾಗಾದರೆ ಚೀಟಿ ಏನನ್ನು ಹೇಳಬೇಕು? ಮೊದಲನೆಯದಾಗಿ, ಕಾನೂನು ಕೇಳುವ ಸಂಗತಿಗಳು. 2011ರ ಪೊಟ್ಟಣ ಸರಕುಗಳ ನಿಯಮಗಳು ಸಿದ್ಧ ಉಡುಪು ವ್ಯಾಪಾರದವರಿಗೆಲ್ಲ ಪರಿಚಿತವಾದವು. ತಯಾರಿಸಿದವರ ಅಥವಾ ಮಾರುವವರ ಹೆಸರು-ವಿಳಾಸ, ಅಳತೆ, ತೆರಿಗೆಗಳೆಲ್ಲ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಿಕೊಳ್ಳಲು ದೂರವಾಣಿ ಮೊದಲಾದ ಸಂಪರ್ಕ ಇವು ಮುಖ್ಯವಾದವು. ಅಳತೆಯನ್ನು ಮೀಟರಿನಲ್ಲಿ ಕೊಡಬೇಕು. ನಮ್ಮಲ್ಲಿ ಇಂದಿಗೂ ಆರು ಗಜ, ಎಂಟು ಗಜ, ಒಂಬತ್ತು ಗಜ ಎಂಬುದೇ ವಾಡಿಕೆ. ಒಂದು ಗಜಕ್ಕೆ 91.44 ಸೆಂಟಿಮೀಟರು, ಆದ್ದರಿಂದ ಆರು ಗಜವೆಂದರೆ ಸುಮಾರು 5.49 ಮೀಟರು, ಒಂಬತ್ತು ಗಜವೆಂದರೆ 8.23 ಮೀಟರು. ಎರಡನ್ನೂ ಬರೆದರೆ ಅಜ್ಜಿಗೂ ತಿಳಿಯುತ್ತದೆ, ಅಧಿಕಾರಿಗೂ ತಿಳಿಯುತ್ತದೆ.

ಎರಡನೆಯದು ನೂಲಿನ ವಿಷಯ. ಮನೆಯ ಮರ್ಯಾದೆಯ ಪರೀಕ್ಷೆಯಾಗುವುದು ಇಲ್ಲಿಯೇ. ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಅಣಿಮಾಡಿ ಕುಣಿಕೆಗಳಿಂದ ಜೋಡಿಸುತ್ತಾರೆ. ತೋಪತೆನಿ ಸೆರಗಿನ ವಿಶೇಷವೇ ಅದು. ಒಡಲು ಹತ್ತಿಯದಾಗಿರಬಹುದು, ರೇಷ್ಮೆಯದಾಗಿರಬಹುದು. ಸೆರಗು ಅಪ್ಪಟ ರೇಷ್ಮೆಯದಾಗಿರಬಹುದು, ನಾವು ಚಮಕಾ ಎಂದು ಕರೆಯುವ ಕೃತಕ ರೇಷ್ಮೆಯದಾಗಿರಬಹುದು. ಎಲ್ಲವೂ ಇಳಕಲ್ ಸೀರೆಗಳೇ, ಎಲ್ಲಕ್ಕೂ ಅದರದರ ಗಿರಾಕಿ ಉಂಟು. ಆದರೆ ಬೆಲೆ ಬೇರೆ ಬೇರೆ. ನಮ್ಮ ಚೀಟಿಯ ಕರಡನ್ನು ನೋಡಿದ ವ್ಯಾಪಾರಿಯೊಬ್ಬರು, “ಚಮಕಾ ಅಂತ ಯಾಕ ಬರಸ್ತೀರಿ? ಬರೇ ರೇಷ್ಮಿ ಅಂತ ಹಾಕ್ರಿ. ಯಾರು ಸುಟ್ಟು ನೋಡ್ತಾರ?” ಎಂದರು. “ಒಬ್ಬಾಕಿ ಸುಟ್ಟು ನೋಡಿದ್ರೂ ಸಾಕಲ್ರೀ,” ಎಂದು ಅಪ್ಪ ಉತ್ತರಕೊಟ್ಟು, ಆ ಪದವನ್ನು ಅಲ್ಲಿಯೇ ಉಳಿಸಿದ. ಸುಡುವ ಪರೀಕ್ಷೆ ಎಲ್ಲರೂ ಮಾಡಬಹುದಾದದ್ದೇ. ನಿಜವಾದ ರೇಷ್ಮೆಯ ಎಳೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಪುಡಿಯಾಗುವ ಕರಿ ಬೂದಿಯಾಗುತ್ತದೆ. ಕೃತಕ ರೇಷ್ಮೆ, ಅಂದರೆ ರೇಯಾನ್, ಕಾಗದದಂತೆ ಭಗ್ಗನೆ ಉರಿಯುತ್ತದೆ. ಚೀಟಿ ಒಂದು ಹೇಳಿ ಎಳೆ ಇನ್ನೊಂದು ಹೇಳಿದರೆ, ಆ ಗಿರಾಕಿ ಮುಂದೆ ನಮ್ಮ ಅಪ್ಪಟ ರೇಷ್ಮೆಯನ್ನೂ ನಂಬುವುದಿಲ್ಲ.

ಮೂರನೆಯದು ಮುದ್ರೆಗಳು. ಇವುಗಳ ಚಿತ್ರವನ್ನು ನಮ್ಮ ಚೀಟಿಯಲ್ಲಿ ಸುಮ್ಮನೆ ಅಚ್ಚುಹಾಕಿಸುವಂತಿಲ್ಲ. ಕೈಮಗ್ಗದ ಬಟ್ಟೆಗಾಗಿ ‘ಹ್ಯಾಂಡ್‌ಲೂಮ್ ಮಾರ್ಕ್’ 2006ರಲ್ಲಿ ಜಾರಿಗೆ ಬಂದಿತು. ನೋಂದಣಿ ಮಾಡಿಸಿಕೊಂಡು ಅದರ ಗುರುತುಪಟ್ಟಿಗಳನ್ನು ಪಡೆಯಬೇಕು. ಬೆಂಗಳೂರಿನಲ್ಲಿರುವ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ‘ಸಿಲ್ಕ್ ಮಾರ್ಕ್’ ಶುದ್ಧ ನೈಸರ್ಗಿಕ ರೇಷ್ಮೆಗೆ ಮಾತ್ರ ಸಲ್ಲುತ್ತದೆ. ಚಮಕಾ ಸೆರಗಿನ ಸೀರೆಗೆ ಅದು ಸಲ್ಲದು. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. 1999ರ ಕಾಯಿದೆಯಂತೆ ಅದರ ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಿಕೊಳ್ಳಲು ಅವಕಾಶವಿದೆ. ನೇಕಾರನು ಇದನ್ನು ಬಿಡಬಾರದು. ಅವರಿವರ ಮುದ್ರೆ ಬೇರೆ, ನಮ್ಮ ಮಾತು ಬೇರೆ. ಎರಡೂ ಒಂದೇ ದಾರದಲ್ಲಿ ತೂಗಿದಾಗ ಒಂದು ಇನ್ನೊಂದಕ್ಕೆ ಸಾಕ್ಷಿಯಾಗುತ್ತದೆ.

ಇಷ್ಟೆಲ್ಲವನ್ನೂ ತುಂಬಲು ಸ್ಥಳವೆಲ್ಲಿ ಎಂದು ಕೇಳಬಹುದು. ಮುಂಭಾಗದಲ್ಲಿ ಮನೆಯ ಹೆಸರು, ಊರು, ಒಂದು ಸಣ್ಣ ಚಿತ್ರ, ಉಳಿದುದೆಲ್ಲ ಹಿಂಭಾಗಕ್ಕೆ. ಕನ್ನಡ ಅಕ್ಷರಗಳಿಗೆ ಕೆಳಗೆ ಒತ್ತಕ್ಷರ, ಮೇಲೆ ಗುಡಿಸು ಇರುವುದರಿಂದ ಸಾಲಿಗೂ ಸಾಲಿಗೂ ಇಂಗ್ಲಿಷಿಗಿಂತ ಹೆಚ್ಚು ಅಂತರ ಬೇಕು. ತೀರ ಚಿಕ್ಕದು ಮಾಡಿದರೆ ಒತ್ತುಗಳು ಮಸಿ ತುಂಬಿ ಚುಕ್ಕೆಗಳಾಗುತ್ತವೆ. ಅಚ್ಚುಕೂಟದ ಕಂಪ್ಯೂಟರಿನಲ್ಲಿ ನಮ್ಮ ಅಕ್ಷರಶೈಲಿ ಇಲ್ಲದಿದ್ದರೆ ಕಾಗುಣಿತವೆಲ್ಲ ಚೆದುರಿಹೋಗುವುದುಂಟು. ಆದುದರಿಂದ ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸಿ ಪಿಡಿಎಫ್ ರೂಪದಲ್ಲಿ ಕೊಡುವುದು ಕ್ಷೇಮ. ಕಾಗದದ ಮೇಲೆ ತೆಗೆದ ಕರಡಚ್ಚನ್ನು ಮನೆಯ ಇಬ್ಬರಾದರೂ ಓದಬೇಕು.

ಇನ್ನು ಮಾಡಿಸುವ ಬಗೆ. ‘ಮುದ್ರಣ ಕಾಶಿ’ ಎನಿಸಿಕೊಂಡ ಗದಗ ನಮಗೆ ಹತ್ತಿರ. ಬೆಂಗಳೂರಿನವರಿಗೆ ಸುಲ್ತಾನಪೇಟೆಯಲ್ಲಿ ಕಾಗದವೂ ಅಚ್ಚೂ ಒಂದೆಡೆ ದೊರೆಯುತ್ತವೆ. ಕಾಗದದ ದಪ್ಪವನ್ನು ಒಂದು ಚದರ ಮೀಟರಿನ ತೂಕದಿಂದ ಹೇಳುತ್ತಾರೆ. ನಮ್ಮ ಬರೆಯುವ ಕಾಗದ 70-80 ಗ್ರಾಂ ಇದ್ದರೆ ಚೀಟಿಗೆ 300-350 ಗ್ರಾಂ ಬೇಕು. ಇಲ್ಲದಿದ್ದರೆ ರಂಧ್ರದ ಬಳಿ ಹರಿಯುತ್ತದೆ. ನುಣುಪು ಕಾಗದದ ಮೇಲೆ ಪೆನ್ನಿನ ಮಸಿ ನಿಲ್ಲುವುದಿಲ್ಲ. ನಾವು ಬೆಲೆಯನ್ನೂ ಕ್ರಮಸಂಖ್ಯೆಯನ್ನೂ ಕೈಯಿಂದ ಬರೆಯುವುದರಿಂದ ಹೊಳಪಿಲ್ಲದ ಕಾರ್ಡನ್ನು ಆರಿಸಿದೆವು. ಆ ಕ್ರಮಸಂಖ್ಯೆ ಮನೆಯ ವಹಿಯಲ್ಲಿಯೂ ಇರುತ್ತದೆ. ಯಾವ ಮಗ್ಗ, ಯಾರ ಕೈ ಎಂಬುದು ಅದರಿಂದ ತಿಳಿಯುತ್ತದೆ.

ಅಳತೆಯನ್ನು ಅಂದಕ್ಕಾಗಿ ಮಾತ್ರ ಗೊತ್ತುಮಾಡಬಾರದು. 12×18 ಅಂಗುಲದ ಹಾಳೆಯಲ್ಲಿ ಅಂಚು ಬಿಟ್ಟು 11½×17½ ಬಳಕೆಗೆ ಸಿಗುತ್ತದೆನ್ನೋಣ. 2×3½ ಅಂಗುಲದ ಚೀಟಿಗೆ ಕತ್ತರಿಸುವ ಜಾಗವಾಗಿ ಕಾಲಂಶಕ್ಕೂ ಕಡಿಮೆ, ಒಂದು ಅಂಗುಲದ ಹತ್ತನೆಯ ಒಂದು ಭಾಗ, ಸೇರಿಸಿದರೆ ನೆಟ್ಟಗೆ ಇಟ್ಟಾಗ 20, ಅಡ್ಡ ಇಟ್ಟಾಗ 24 ಚೀಟಿ ಬರುತ್ತವೆ. ಅಗಲವನ್ನು ಕಾಲು ಅಂಗುಲ ಹೆಚ್ಚಿಸಿದೆವೋ, ಅಡ್ಡ ಇಟ್ಟರೂ 21ಕ್ಕೆ ಇಳಿಯುತ್ತದೆ.

ಬೆಲೆಯ ಗುಟ್ಟು ಇರುವುದು ಪ್ರಮಾಣದಲ್ಲಿ. ಆಫ್‌ಸೆಟ್ ಮುದ್ರಣದಲ್ಲಿ ಪ್ರತಿ ಬಣ್ಣಕ್ಕೂ ಒಂದೊಂದು ಪ್ಲೇಟು ಬೇಕು. ಪ್ಲೇಟಿನ ಖರ್ಚು ನೂರು ಚೀಟಿಗೂ ಅಷ್ಟೇ, ಐದು ಸಾವಿರಕ್ಕೂ ಅಷ್ಟೇ. ಲೆಕ್ಕಕ್ಕಾಗಿ ಪ್ಲೇಟು ಮತ್ತು ಯಂತ್ರ ಹೂಡುವ ಖರ್ಚು ರೂ. 2,000, ಕಾಗದ-ಕಟಾವಿನ ಖರ್ಚು ಚೀಟಿಗೆ ರೂ. 1 ಎಂದು ಇಟ್ಟುಕೊಳ್ಳಿ. 500 ಮಾಡಿಸಿದರೆ ಒಂದಕ್ಕೆ ರೂ. 5; 5,000 ಮಾಡಿಸಿದರೆ ರೂ. 1.40. ಆದರೆ ಎರಡು ಮಗ್ಗದ ಮನೆಗೆ ಐದು ಸಾವಿರವೆಂದರೆ ಹಲವಾರು ವರ್ಷಗಳ ದಾಸ್ತಾನು. ಅಷ್ಟರಲ್ಲಿ ದೂರವಾಣಿ ಬದಲಾಗಬಹುದು, ಇಲಿ ತಿನ್ನಬಹುದು. ಇದಕ್ಕೆ ಒಂದು ಒಳ್ಳೆಯ ಉಪಾಯವಿದೆ. ಆರು ಮನೆಗಳು ಸೇರಿ ಒಂದೇ ಅಳತೆ, ಒಂದೇ ಬಣ್ಣವನ್ನು ಒಪ್ಪಿ, 24 ಚೀಟಿಯ ಹಾಳೆಯಲ್ಲಿ ತಲಾ ನಾಲ್ಕು ಸ್ಥಾನ ಹಂಚಿಕೊಳ್ಳಲಿ. 250 ಹಾಳೆ ಅಚ್ಚಾದರೆ ಪ್ರತಿ ಮನೆಗೂ ತನ್ನ ಹೆಸರಿನ 1,000 ಚೀಟಿ. ಒಂದಕ್ಕೆ ಬೀಳುವುದು ರೂ. 1.33 ಮಾತ್ರ. ಅರ್ಥಶಾಸ್ತ್ರದ ತರಗತಿಯಲ್ಲಿ ಬೃಹತ್ ಉತ್ಪಾದನೆಯ ಮಿತವ್ಯಯವೆಂದು ನಾವು ಓದುವುದನ್ನು ಸಣ್ಣ ಮನೆಗಳೂ ಕೂಡಿ ಪಡೆಯಬಹುದೆಂಬುದಕ್ಕೆ ಇದಕ್ಕಿಂತ ಸುಲಭವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಕಟ್ಟುವುದರಲ್ಲಿಯೂ ಎಚ್ಚರ ಬೇಕು. ಗುಂಡುಪಿನ್ನು ತುಕ್ಕು ಹಿಡಿದರೆ ಸೀರೆಗೆ ಕಲೆ ಬೀಳುತ್ತದೆ; ಸಿದ್ಧ ಉಡುಪಿಗೆ ಚುಚ್ಚುವ ಪ್ಲಾಸ್ಟಿಕ್ ಎಳೆ ನವಿರು ನೇಯ್ಗೆಯಲ್ಲಿ ತೂತು ಬಿಡುತ್ತದೆ. ಬಣ್ಣ ಹಾಕದ ಹತ್ತಿಯ ದಾರದಿಂದ ಸೆರಗಿನ ಕುಚ್ಚಿಗೆ ಕಟ್ಟುವುದು ಎಲ್ಲಕ್ಕಿಂತ ಮೇಲು. ಅಚ್ಚಿನ ಮಸಿ ಬಿಡುತ್ತದೆಯೋ ಇಲ್ಲವೋ ಎಂದು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿಯೇ ಅಚ್ಚುಕೂಟದವರಿಗೆ ಹಣ ಕೊಡಬೇಕು.

ಇಷ್ಟು ಶ್ರಮಪಟ್ಟು ಮಾಡಿದ ಚೀಟಿಯೂ ಕೊನೆಗೆ ಕಸದ ಬುಟ್ಟಿಗೇ ಹೋಗುತ್ತದೆ, ಅದಕ್ಕೆ ದುಃಖಿಸಬೇಕಾಗಿಲ್ಲ. ಕೊಳ್ಳುವ ಆ ಐದು ನಿಮಿಷದಲ್ಲಿ ಅದು ನಿಜ ಹೇಳಿದ್ದರೆ ಅದರ ಜನ್ಮ ಸಾರ್ಥಕ. ಸಹಪಾಠಿಗಳಲ್ಲಿ ನನ್ನದೊಂದೇ ವಿನಂತಿ: ಇನ್ನು ಮುಂದೆ ಬಟ್ಟೆ ಕೊಳ್ಳುವಾಗ ಚೀಟಿಯ ಮುಂಭಾಗದ ಬೆಡಗನ್ನು ನೋಡಿ ಸುಮ್ಮನಾಗದೆ ಅದನ್ನು ತಿರುಗಿಸಿ ಹಿಂಭಾಗವನ್ನು ಓದಿರಿ. ಓದುವವರಿದ್ದಾರೆಂದು ತಿಳಿದರೆ ಬರೆಯುವವರೂ ನಿಜವನ್ನೇ ಬರೆಯುತ್ತಾರೆ.