ಫೋನು ನಿಮ್ಮದು, ಅಪ್‌ಡೇಟ್ ಕಂಪನಿಯದು

ದುಡ್ಡು ಕೊಟ್ಟು ತಂದ ಫೋನಿಗೆ ಹೊಸ ಸಾಫ್ಟ್‌ವೇರ್ ಯಾವಾಗ ಬರಬೇಕೆಂದು ನೆಟ್‌ವರ್ಕ್ ಕಂಪನಿ ತೀರ್ಮಾನಿಸಿದರೆ ಹೇಗೆ? ಅಮೆರಿಕದಲ್ಲಿ ನಡೆದದ್ದೇ ಹಾಗೆ.

ಆಗ ಅಲ್ಲಿ ಬಹುಪಾಲು ಜನ ಫೋನನ್ನು ಮೊಬೈಲ್ ಕಂಪನಿಯಿಂದಲೇ ಕೊಳ್ಳುತ್ತಿದ್ದರು. ಎರಡು ವರ್ಷದ ಕರಾರಿಗೆ ಸಹಿ ಹಾಕಿದರೆ ದುಬಾರಿ ಫೋನು ಕಡಿಮೆ ಬೆಲೆಗೆ. ಉಳಿದದ್ದು ತಿಂಗಳ ಬಿಲ್ಲಿನಲ್ಲಿ ವಸೂಲಿ. ಹಾಗಾಗಿ ಯಾವ ಫೋನು ಯಾರಿಗೆ ಸಿಗಬೇಕೆಂಬುದೂ ಕಂಪನಿಗಳ ಕೈಲಿತ್ತು. 2007ರ ಜೂನ್‌ನಲ್ಲಿ ಬಂದ ಐಫೋನ್ ಅಲ್ಲಿ ಎಟಿ ಅಂಡ್ ಟಿ ಗ್ರಾಹಕರಿಗೆ ಮಾತ್ರ. ವೆರಿಝೋನ್ ಗ್ರಾಹಕರು 2011ರ ಫೆಬ್ರವರಿವರೆಗೆ ಕಾಯಬೇಕಾಯಿತು.

ಅಪ್‌ಡೇಟಿನ ಕಥೆಯೂ ಅಷ್ಟೇ. ಗೂಗಲ್ ಆಂಡ್ರಾಯ್ಡ್ ಸಿದ್ಧಪಡಿಸುತ್ತದೆ, ಫೋನು ತಯಾರಕರು ಅದನ್ನು ತಮ್ಮ ಫೋನಿಗೆ ಹೊಂದಿಸುತ್ತಾರೆ, ಬಳಿಕ ನೆಟ್‌ವರ್ಕ್ ಕಂಪನಿ ಪರೀಕ್ಷಿಸಿ ಒಪ್ಪಿಗೆ ಕೊಡಬೇಕು. ಕರೆ ಕಡಿಯಬಾರದು, ನೆಟ್‌ವರ್ಕ್ ಕೆಡಬಾರದು ಎಂಬ ಕಾರಣ ಸುಳ್ಳೇನಲ್ಲ. ಆದರೆ ಮಾರಿ ಮುಗಿದ ಫೋನಿನ ಬಗ್ಗೆ ಅವಸರ ಯಾರಿಗೆ? ಗೂಗಲ್ ಮುಂದೆ ನಿಂತು ಸ್ಯಾಮ್‌ಸಂಗ್‌ನಿಂದ ಮಾಡಿಸಿದ ಗ್ಯಾಲಕ್ಸಿ ನೆಕ್ಸಸ್‌ಗೆ ಆಂಡ್ರಾಯ್ಡ್ 4.1 ಸಿಕ್ಕಿದ್ದು 2012ರ ಜುಲೈನಲ್ಲಿ. ಅದೇ ಫೋನಿನ ವೆರಿಝೋನ್ ಮಾದರಿಗೆ ಸೆಪ್ಟೆಂಬರ್‌ನಲ್ಲಿ. ಕಳ್ಳರು ನುಗ್ಗುವ ಕಿಂಡಿ ಮುಚ್ಚುವ ದುರಸ್ತಿಯೂ ಅಪ್‌ಡೇಟಿನಲ್ಲೇ ಬರುವುದರಿಂದ ಈ ತಡ ಸಣ್ಣದಲ್ಲ.

ನಮ್ಮಲ್ಲಿ ಹೆಚ್ಚಿನ ಫೋನುಗಳು ಬೀಗವಿಲ್ಲದೆ ಅಂಗಡಿಯಲ್ಲೇ ಸಿಗುತ್ತವೆ, ಅಪ್‌ಡೇಟ್ ತಯಾರಕರಿಂದ ನೇರ ಬರುತ್ತದೆ. ಗಡಿಯ ಈಚೆಗೊಂದು, ಆಚೆಗೊಂದು ಸಿಮ್ ಇಟ್ಟುಕೊಂಡವರಿಗೆ ಸಲೀಸು. ಆದರೂ 2017ರಲ್ಲಿ ಬಂದ ಜಿಯೋಫೋನ್‌ನಲ್ಲಿ ಬೇರೆ ಕಂಪನಿಯ ಸಿಮ್ ನಡೆಯುವುದಿಲ್ಲ. ಅಗ್ಗದ ಫೋನು ಕೊಳ್ಳುವಾಗ ಎರಡೂ ಸಿಮ್ ಅಂಗಡಿಯಲ್ಲೇ ಹಾಕಿಸಿ ನೋಡುವುದು ಒಳ್ಳೆಯದು.