ಹಳೆಯ ಹಮಾಮ್ ಕೊಳ್ಳುವ ಮುನ್ನ

ಚಳಿಗಾಲ ಹತ್ತಿರ ಬಂತೆಂದರೆ ಗಿಲ್ಲೆಸುಗೂರು, ಮಾನ್ವಿ, ದೇವದುರ್ಗ ಕಡೆಯ ಮನೆಗಳಲ್ಲಿ ಬಿಸಿನೀರಿನ ಮಾತು ಶುರುವಾಗುತ್ತದೆ. ಫಜ್ರ್ ನಮಾಝಿಗೆ ಏಳುವ ಹಿರಿಯರ ವುಝೂವಿಗೆ, ಬಾಣಂತಿಯ ಸ್ನಾನಕ್ಕೆ, ಶಾಲೆಗೆ ಹೊರಡುವ ಮಕ್ಕಳಿಗೆ ನಸುಕಿನಲ್ಲೇ ಬಿಸಿನೀರು ಬೇಕು. ಗೀಸರ್ ಇದ್ದರೂ ಕರೆಂಟ್ ಬಿಲ್ಲಿನ ಚಿಂತೆ, ಕರೆಂಟ್ ಹೋದರೆ ಇನ್ನೊಂದು ಚಿಂತೆ. ಹಾಗಾಗಿ ಹಲವರು ಪಾತ್ರೆ ಅಂಗಡಿಗಳಲ್ಲಿ, ಗುಜರಿಗಳಲ್ಲಿ ಹಳೆಯ ತಾಮ್ರದ ಹಮಾಮ್ ಹುಡುಕುತ್ತಾರೆ. ಧಾರವಾಡ, ಬೆಳಗಾವಿ ಕಡೆ ಇದನ್ನೇ ಬಂಬ ಎನ್ನುತ್ತಾರೆ.

ಹಳೆಯದು ಕೊಳ್ಳುವುದರಲ್ಲಿ ತಪ್ಪಿಲ್ಲ. ಹಿಂದಿನ ಕಾಲದ ಹಮಾಮ್‌ಗಳ ತಗಡು ದಪ್ಪ, ಬಾಳಿಕೆ ಹೆಚ್ಚು. ಆದರೆ ಇದು ಬೆಂಕಿ, ನೀರು, ಹೊಗೆ ಮೂರೂ ಸೇರುವ ವಸ್ತು. ಕಣ್ಣಿಗೆ ಹೊಳೆಯುವುದನ್ನಷ್ಟೇ ನೋಡಿ ಕೊಂಡರೆ ಹಣಕ್ಕಿಂತ ಆರೋಗ್ಯಕ್ಕೆ ಹೆಚ್ಚು ನಷ್ಟ.

ಕೋಣೆಗೆ ಬೆಂಕಿ ಬೇಡ, ನೀರಿಗೆ ಸಾಕು

ಹಿಮ ಬೀಳುವ ದೇಶಗಳಲ್ಲಿ ಕಲ್ಲಿದ್ದಲಿನ ಬಾಯ್ಲರ್ ಇಟ್ಟು ಇಡೀ ಮನೆಯನ್ನೇ ಬೆಚ್ಚಗಿಡುತ್ತಾರೆ. ಅದಕ್ಕೆ ಅವರು ತೆತ್ತ ಬೆಲೆಯೂ ದೊಡ್ಡದು. 1952ರ ಡಿಸೆಂಬರ್‌ನಲ್ಲಿ ಮನೆಗಳ ಒಲೆ ಮತ್ತು ಕಾರ್ಖಾನೆಗಳ ಕಲ್ಲಿದ್ದಲ ಹೊಗೆ ಮಂಜಿನೊಂದಿಗೆ ಬೆರೆತು ಲಂಡನ್ ನಗರದಲ್ಲಿ ಐದು ದಿನ ನಿಂತಿತು. ಆಗಿನ ಲೆಕ್ಕದ ಪ್ರಕಾರವೇ ಸುಮಾರು 4,000 ಜನ ಸತ್ತರು. 1956ರಲ್ಲಿ ಅಲ್ಲಿ ಶುದ್ಧ ಗಾಳಿಯ ಕಾಯ್ದೆ ಬಂತು.

ನಮ್ಮ ರಾಯಚೂರು ಸೀಮೆಯಲ್ಲಿ ಕೋಣೆ ಕಾಯಿಸುವಷ್ಟು ಚಳಿ ಇಲ್ಲ. ಬಿಸಿನೀರು, ದಪ್ಪ ಹೊದಿಕೆ, ಕಾಲುಚೀಲ, ಕಿವಿಗೆ ಬಟ್ಟೆ ಇಷ್ಟು ಸಾಕು. ಆದರೂ ಬಾಣಂತಿಯ ಕೋಣೆಯಲ್ಲಿ ಕಿಟಕಿ ಬಾಗಿಲು ಮುಚ್ಚಿ ಕೆಂಡದ ಸಿಗಡಿ ಇಡುವ ರೂಢಿ ಕೆಲವು ಮನೆಗಳಲ್ಲಿದೆ. ಇದು ಅಪಾಯದ ರೂಢಿ.

ಇದ್ದಲು ಪೂರ್ತಿ ಉರಿಯಲು ಗಾಳಿ ಸಾಲದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ‘ಹೊಗೆ ನಿಂತಿದೆ, ಬರೀ ಕೆಂಡ ಇದೆ, ಇನ್ನು ಒಳಗೆ ತರಬಹುದು’ ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಹೊಗೆ ಇದ್ದರೆ ಕೆಮ್ಮಿ ಹೊರಗೆ ಓಡುತ್ತೇವೆ; ಕೆಂಡ ನಮ್ಮನ್ನು ನಿದ್ದೆಯಲ್ಲೇ ಹಿಡಿಯುತ್ತದೆ. ಗರ್ಭಿಣಿಯರು, ಎಳೆಕೂಸುಗಳು, ಹೃದ್ರೋಗಿಗಳು ಮೊದಲು ಬಳಲುತ್ತಾರೆ.

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ. ಅವುಗಳಲ್ಲಿ ಮೊದಲನೆಯದು ಸುತ್ತಲಿನ ಗಾಳಿ. ಅನ್ನಪಾನ ಅದರ ನಂತರ. ಬಾಣಂತಿಗೆ ಎಷ್ಟು ಪೌಷ್ಟಿಕ ಆಹಾರ ಕೊಟ್ಟರೂ ಅವಳ ಕೋಣೆಯ ಗಾಳಿ ಕೆಟ್ಟಿದ್ದರೆ ಪ್ರಯೋಜನವಿಲ್ಲ. ಆದ್ದರಿಂದ ಬೆಂಕಿ ಅಂಗಳದಲ್ಲಿರಲಿ, ಬಿಸಿನೀರು ಮಾತ್ರ ಒಳಗೆ ಬರಲಿ.

ಹಂಡೆಯೋ, ಹಮಾಮೋ?

ಮೂರು ಕಲ್ಲಿನ ಮೇಲಿಟ್ಟ ಹಂಡೆಯ ಕೆಳಗೆ ಉರಿದ ಬೆಂಕಿಯಲ್ಲಿ ಹೆಚ್ಚಿನ ಪಾಲು ಗಾಳಿಗೆ ಹೋಗುತ್ತದೆ. ಹಮಾಮ್‌ನಲ್ಲಿ ನಡುವೆ ಒಂದು ಕೊಳವೆ, ಅದರ ಸುತ್ತ ನೀರು. ಬೆಂಕಿ ಕೊಳವೆಯೊಳಗೆ ಉರಿಯುವುದರಿಂದ ನಾಲ್ಕೂ ಕಡೆ ಶಾಖ ನೀರಿಗೇ ತಾಗುತ್ತದೆ.

ಐದು ಜನರ ಮನೆಗೆ ತಲಾ 20 ಲೀಟರಿನಂತೆ 100 ಲೀಟರ್ ಸ್ನಾನದ ನೀರು ಬೇಕೆನ್ನಿ. 22 ಡಿಗ್ರಿಯ ನೀರನ್ನು 40 ಡಿಗ್ರಿಗೆ ತರಲು 1,800 ಕಿಲೋ ಕ್ಯಾಲೊರಿ ಶಾಖ ಸಾಕು. ಒಂದು ಕೆ.ಜಿ. ಒಣ ಕಟ್ಟಿಗೆಯಲ್ಲಿ ಸುಮಾರು 3,500 ಕಿಲೋ ಕ್ಯಾಲೊರಿ ಇರುತ್ತದೆ. ಅದರಲ್ಲಿ ಅರ್ಧದಷ್ಟು ನೀರಿಗೆ ಸೇರಿದರೆ ಒಂದು ಕೆ.ಜಿ. ಕಟ್ಟಿಗೆಯಲ್ಲಿ ಎಲ್ಲರ ಸ್ನಾನ ಮುಗಿಯುತ್ತದೆ. ಹತ್ತರಲ್ಲಿ ಒಂದೆರಡು ಪಾಲು ಮಾತ್ರ ಸೇರಿದರೆ ಅದೇ ಕೆಲಸಕ್ಕೆ ಎರಡೂವರೆಯಿಂದ ಐದು ಕೆ.ಜಿ. ಬೇಕು. ಕಟ್ಟಿಗೆ ಕಡಿಮೆಯಾದಷ್ಟೂ ಹೊಗೆಯೂ ಕಡಿಮೆ.

ತುಂಬಾ ದೊಡ್ಡದನ್ನು ಕೊಳ್ಳುವ ಅಗತ್ಯವಿಲ್ಲ. ನೀರನ್ನು 60 ಡಿಗ್ರಿಗೆ ಕಾಯಿಸಿ ತಣ್ಣೀರು ಬೆರೆಸಿದರೆ ಒಂದು ಬಕೆಟ್ ಸ್ನಾನಕ್ಕೆ ಹತ್ತು ಲೀಟರಿಗಿಂತ ಕಡಿಮೆ ಬಿಸಿನೀರು ಹಿಡಿಯುತ್ತದೆ. ಮೇಲೆ ತಣ್ಣೀರು ಸುರಿದಂತೆ ಬಿಸಿನೀರು ಹೊರಬರುವ ಮಾದರಿಯಾದರೆ 25 ಲೀಟರಿನದು ಸಾಧಾರಣ ಮನೆಗೆ ಸಾಕು.

ಲೋಹಗಳ ಹೋಲಿಕೆ

ತಾಮ್ರ ಬೇಗ ಕಾಯುತ್ತದೆ, ತುಕ್ಕು ಹಿಡಿಯುವುದಿಲ್ಲ, ಹಳೆಯದಾದರೂ ತೂಕದ ಬೆಲೆ ಉಳಿಯುತ್ತದೆ. ಆದರೆ ತೇವದಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಹಿತ್ತಾಳೆಯ ಗುಣವೂ ಹೆಚ್ಚುಕಡಿಮೆ ಹೀಗೆಯೇ. ಸ್ಟೀಲಿಗೆ ಕಿಲುಬಿಲ್ಲ, ಆದರೆ ಬೆಸುಗೆ ಬಿಟ್ಟರೆ ಹಳ್ಳಿಯಲ್ಲಿ ಸರಿಮಾಡುವವರು ಸಿಗುವುದು ಕಷ್ಟ. ಸತುವಿನ ಲೇಪದ ಕಬ್ಬಿಣದ ತಗಡು ಅಗ್ಗ. ಲೇಪ ಹೋದ ಕಡೆ ತುಕ್ಕು ತಿಂದು ಕೆಲವೇ ವರ್ಷಗಳಲ್ಲಿ ತೂತಾಗುತ್ತದೆ. ಅದನ್ನು ಹಳೆಯದಾಗಿ ಕೊಳ್ಳಲೇಬೇಡಿ.

ಡ್ರಮ್ ಕತ್ತರಿಸಿ ಮಾಡಿದ ಬಾಯ್ಲರ್‌ಗಳೂ ಮಾರಾಟಕ್ಕೆ ಬರುತ್ತವೆ. ಆ ಡ್ರಮ್ಮಿನಲ್ಲಿ ಮೊದಲು ಏನಿತ್ತು? ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಕೇಳಲೇಬೇಕು. ಕ್ರಿಮಿನಾಶಕ ಅಥವಾ ರಾಸಾಯನಿಕ ಇದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಸ್ನಾನದ ನೀರಿಗೆ ಬಳಸಬಾರದು. ಮಾರುವವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಅದನ್ನು ಬಿಟ್ಟುಬಿಡಿ.

ಅಂಗಡಿಯಲ್ಲಿ ನಿಂತು ಮಾಡಬೇಕಾದ ಪರೀಕ್ಷೆ

1. ಆಯಸ್ಕಾಂತ ಹಿಡಿದು ನೋಡಿ. ತಾಮ್ರಕ್ಕೂ ಹಿತ್ತಾಳೆಗೂ ಅದು ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣವಿದೆ, ಮೇಲೆ ಬರೀ ಲೇಪ.

2. ನಡುವಿನ ಕೊಳವೆಯೊಳಗೆ ಮೊಬೈಲ್ ಬೆಳಕು ಬಿಟ್ಟು ಹೊರಗಿನಿಂದ ನೋಡಿ. ಬೆಂಕಿ ತಾಗುವುದು ಈ ಕೊಳವೆಗೆ. ಮೊದಲು ಸವೆಯುವುದೂ ಇದೇ. ಕೈಯಿಂದ ಒತ್ತಿದರೆ ಒಳಕ್ಕೆ ಬಾಗುವ ತಗಡು ಬೇಡ.

3. ಒಳಗಿನ ಬಿಳಿ ಪೊರೆ ನೋಡಿ. ನಮ್ಮ ಬೋರ್‌ವೆಲ್ ನೀರು ಗಡಸು. ಕಾಯಿಸಿದಾಗ ಸುಣ್ಣದಂಥ ಪೊರೆ ಕೊಳವೆಗೆ ಅಂಟಿ ಶಾಖವನ್ನು ತಡೆಯುತ್ತದೆ, ಸಣ್ಣ ತೂತುಗಳನ್ನೂ ಮುಚ್ಚಿಬಿಡುತ್ತದೆ. ಅಂಗಡಿಯಲ್ಲಿ ಸೋರದ ಹಮಾಮ್ ಮನೆಯಲ್ಲಿ ತೊಳೆದ ಮೇಲೆ ಸೋರುವುದು ಇದೇ ಕಾರಣಕ್ಕೆ. ಆದ್ದರಿಂದ ಮೊದಲು ಪೊರೆ ತೆಗೆಸಿ, ಆಮೇಲೆ ನೀರು ತುಂಬಿಸಿ, ಕೆಳಗೆ ಒಣ ಕಾಗದ ಹಾಸಿ ಒಂದು ರಾತ್ರಿ ಇಡಲು ಹೇಳಿ.

4. ಬೆಸುಗೆ ಹಾಕಿದ ಜಾಗಗಳನ್ನು ಎಣಿಸಿ. ಹಳೆಯ ಬೆಸುಗೆಯಲ್ಲಿ ಸೀಸ ಇರುವ ಸಂಭವವಿದೆ. ಸೀಸ ಮಕ್ಕಳ ಮಿದುಳಿಗೆ ವಿಷ.

5. ಕೆಂಡ ನಿಲ್ಲುವ ಜಾಲರಿ, ಬೂದಿಯ ಬಾಗಿಲು, ನಲ್ಲಿ ಮೂರೂ ಗಟ್ಟಿಯಾಗಿವೆಯೇ ನೋಡಿ. ತೂಕದ ಮೇಲೆ ಬೆಲೆ ಕಟ್ಟುವಾಗ ಜಾಲರಿಯ ಕಬ್ಬಿಣವನ್ನು ತಾಮ್ರದ ಜೊತೆ ತೂಗದಂತೆ ಎಚ್ಚರ ಇರಲಿ.

6. ನೀರು ಸುರಿಯುವ ಬಾಯಿ ಸದಾ ತೆರೆದಿರಬೇಕು. ಮುಚ್ಚಳವನ್ನು ಬೆಸುಗೆ ಹಾಕಿ ಮುಚ್ಚಿದ್ದನ್ನು ಕೊಳ್ಳಬೇಡಿ. ನೀರು ಹಬೆಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಹೊರಹೋಗಲು ದಾರಿ ಇಲ್ಲದಿದ್ದರೆ ಪಾತ್ರೆ ಸಿಡಿಯುತ್ತದೆ. ಒತ್ತಡದ ಹಬೆ ತಯಾರಿಸುವ ಕಾರ್ಖಾನೆ ಬಾಯ್ಲರ್‌ಗಳಿಗೆ 1923ರಿಂದಲೇ ಪ್ರತ್ಯೇಕ ಕಾಯ್ದೆ, ತಪಾಸಣೆ ಇರುವುದು ಇದೇ ಭಯಕ್ಕೆ. ಗಿರಣಿಯಿಂದ ಬಂದ ಯಾವ ಬಾಯ್ಲರೂ ಮನೆಗೆ ತಕ್ಕದ್ದಲ್ಲ.

ಏನು ಉರಿಸಬೇಕು?

ಚೆನ್ನಾಗಿ ಒಣಗಿದ ಜಾಲಿ ಕಟ್ಟಿಗೆ, ತೊಗರಿ ಕಟ್ಟಿಗೆ, ಜಾಲಿಯ ಇದ್ದಲು ಆಗಬಹುದು. ನೆಲದಿಂದ ತೆಗೆದ ಕಲ್ಲಿದ್ದಲು ಮಾತ್ರ ಮನೆಗೆ ಬೇಡ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಅದನ್ನು ಉರಿಸಲು ಎತ್ತರದ ಚಿಮಣಿಗಳು, ಬೂದಿ ಹಿಡಿಯುವ ಯಂತ್ರಗಳು ಇವೆ. ನಮ್ಮ ಅಂಗಳದಲ್ಲಿ ಇಲ್ಲ. ಮನೆಯೊಳಗೆ ಕಲ್ಲಿದ್ದಲು ಉರಿಸಿದ ಹೊಗೆ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾಗಿದೆ. ಸಂಸ್ಕರಿಸದ ಕಲ್ಲಿದ್ದಲನ್ನು ಮನೆಯ ಇಂಧನವಾಗಿ ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೇಳಿದೆ. ಚೀನಾದ ಗುಯಿಝೌ ಪ್ರಾಂತದಲ್ಲಿ ಕಲ್ಲಿದ್ದಲ ಬೆಂಕಿಯ ಮೇಲೆ ಮೆಣಸಿನಕಾಯಿ, ಮೆಕ್ಕೆಜೋಳ ಒಣಗಿಸಿ ತಿಂದವರಿಗೆ ಆರ್ಸೆನಿಕ್ ಮತ್ತು ಫ್ಲೋರೈಡ್ ವಿಷಬಾಧೆ ಆಗಿದೆ.

ಪ್ಲಾಸ್ಟಿಕ್, ಟೈರ್, ಬಣ್ಣ ಬಳಿದ ಹಲಗೆ, ಪ್ಲೈವುಡ್ ಚೂರುಗಳನ್ನೂ ಒಲೆಗೆ ಹಾಕಬೇಡಿ.

ಇಡುವ ಜಾಗ, ಬಳಸುವ ಕ್ರಮ

ಹಮಾಮ್ ಬಚ್ಚಲಮನೆಯ ಒಳಗೆ ಬೇಡ. ಅಂಗಳದಲ್ಲಿ ಅಥವಾ ಹಿತ್ತಲಲ್ಲಿ ಮೂರು ಕಡೆ ತೆರೆದ ತಗಡಿನ ಚಪ್ಪರದ ಕೆಳಗೆ ಇಡಿ. ಹೊಗೆಕೊಳವೆ ಚಪ್ಪರಕ್ಕಿಂತ ಮೇಲಿರಲಿ. ಮಲಗುವ ಕೋಣೆಯ ಕಿಟಕಿಯಿಂದ ದೂರವಿರಲಿ. ನೀರು ತುಂಬದೆ ಬೆಂಕಿ ಹಾಕಿದರೆ ಬೆಸುಗೆ ಕರಗುತ್ತದೆ.

ಈ ನೀರು ಕುಡಿಯಲು, ಅಡುಗೆಗೆ, ಕೂಸಿನ ಹಾಲಿಗೆ ಬೇಡ. ರಾಯಚೂರು ಜಿಲ್ಲೆಯ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ವುಝೂವಿನಲ್ಲಿ ಬಾಯಿ ಮುಕ್ಕಳಿಸುತ್ತೇವೆ, ಮೂಗಿಗೆ ನೀರು ಎಳೆಯುತ್ತೇವೆ. ಆದ್ದರಿಂದ ಹಸಿರು ಕಿಲುಬು ಕಂಡ ದಿನವೇ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ತೊಳೆಯಿರಿ. ರಾತ್ರಿಯಿಡೀ ನಿಂತ ನೀರನ್ನು ಬೆಳಿಗ್ಗೆ ಚೆಲ್ಲಿ ಹೊಸ ನೀರು ತುಂಬಿ.

ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಈ ಕ್ರಮವನ್ನು ಮಕ್ಕಳಿಗೂ ಕಲಿಸಿ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು ಬಿಡಿ; ಪೇಸ್ಟ್, ಇಂಕು, ಅರಿಶಿನ ಯಾವುದನ್ನೂ ಹಚ್ಚಬೇಡಿ. ಮೈ ಬೆಚ್ಚಗಾಗಲು 40 ಡಿಗ್ರಿ ಸಾಕು. ಊಟವಾದ ಕೂಡಲೇ ಬಿಸಿನೀರ ಸ್ನಾನ ಬೇಡವೆಂಬುದು ನಮ್ಮ ಹಕೀಮರ ಹಳೆಯ ಸಲಹೆ, ಈಗಲೂ ಪಾಲಿಸಬಹುದು.

ಈ ಲಕ್ಷಣ ಕಂಡರೆ ತಡಮಾಡಬೇಡಿ

ಕೆಂಡ ಇರುವ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೇ ತಲೆನೋವು, ತಲೆಸುತ್ತು, ವಾಂತಿ, ಕಾಲು ಸೋತಂತಾಗುವುದು ಕಂಡರೆ, ಹೊರಗೆ ಬಂದಾಗ ಹಗುರ ಎನಿಸಿದರೆ ಅದು ಪಿತ್ತವೂ ಅಲ್ಲ, ದೃಷ್ಟಿಯೂ ಅಲ್ಲ, ಅನಿಲವೆಂದೇ ತಿಳಿಯಿರಿ. ಮೊದಲು ಎಲ್ಲರನ್ನೂ ಬಯಲಿಗೆ ತನ್ನಿ, ಕಿಟಕಿ ಬಾಗಿಲು ತೆರೆಯಿರಿ, 108ಕ್ಕೆ ಕರೆ ಮಾಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ. ಅನಿಲ ಅಂಟಿದ ರಕ್ತವನ್ನೂ ಅದು ಒಳ್ಳೆಯ ರಕ್ತವೆಂದೇ ಓದುತ್ತದೆ. ಇದಕ್ಕೆ ಯುನಾನಿಯಲ್ಲಾಗಲಿ ಬೇರೆಡೆಯಾಗಲಿ ಮನೆಮದ್ದಿಲ್ಲ. ಆಸ್ಪತ್ರೆಯ ಆಮ್ಲಜನಕವೇ ಔಷಧ.

ಈ ಚಳಿಗಾಲದಲ್ಲಿ ಹಮಾಮ್ ಕೊಳ್ಳಲು ಹೊರಡುವವರು ಆಯಸ್ಕಾಂತ ಮರೆಯಬೇಡಿ. ಕೊಳ್ಳದವರೂ ಒಂದು ಕೆಲಸ ಮಾಡಿ: ಬಾಣಂತಿಯ ಕೋಣೆಯಲ್ಲಿ ಸಿಗಡಿ ಇದ್ದರೆ ಇವತ್ತೇ ಅಂಗಳಕ್ಕೆ ತಂದಿಡಿ.